ನೋಟ್‌ಬುಕ್ಕಿನಲ್ಲಿ 118, ಮೀಟರಿನಲ್ಲಿ 286

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕಾಸರಗೋಡು ಜಿಲ್ಲೆ, ಬದಿಯಡ್ಕದ ಆಚೆಗಿನ ಒಂದು ಊರು. ಹುಡುಗನಿಗೆ 11 ವರ್ಷ, ದಿನಾ ಇನ್ಸುಲಿನ್ ಚುಚ್ಚಲೇಬೇಕಾದ ಟೈಪ್ 1 ಮಧುಮೇಹ ಗೊತ್ತಾಗಿ ಎರಡು ವರ್ಷ. ಅಪ್ಪ ದುಬೈಯಲ್ಲಿ, ಮನೆಯಲ್ಲಿ ಅಮ್ಮ, ಅಜ್ಜಿ, ಇವನು. ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿಯಲ್ಲಿ 9.8 ಬಂದಿತ್ತು, ಅಂದರೆ ಜಾಸ್ತಿ. ದಿನದ ಸಕ್ಕರೆ ಬರೆದಿಡುವ ನೋಟ್‌ಬುಕ್ಕಿನಲ್ಲಿ ಮಾತ್ರ 118, 122, 115. ಹದಿನೈದು ದಿನದ್ದೂ ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ಬರೆದ ಹಾಗೆ. ಸಕ್ಕರೆ ಅಳೆಯುವ ಮೀಟರಿನ ಮೆಮೊರಿ ಒತ್ತಿ ನೋಡಿದರೆ ಅದೇ ದಿನಗಳಲ್ಲಿ 286, 241, 310. ಸುಳ್ಳು ಬರೆಯುತ್ತಾನೆಂದು ಅವನನ್ನು ನಮ್ಮ ಬಳಿ ಆಪ್ತಸಲಹೆಗೆ ಕಳಿಸಿದ್ದರು.

ಒಬ್ಬನನ್ನೇ ಕೂರಿಸಿ ಕೇಳಿದಾಗ ಅವನು ಹೇಳಿದ್ದು ಇಷ್ಟು: “ಇನ್ನೂರು ದಾಟಿದ್ರೆ ಅಮ್ಮ ಊಟ ಮಾಡುದಿಲ್ಲ ಟೀಚರ್.”

ಹಾಗಾಗಿ ಅಮ್ಮನ ಜೊತೆ ಮಾತು. ಮೊದಲ ವರ್ಷ ಒಂದು ಬೆಳಗಿನ ಜಾವ ಸಕ್ಕರೆ ತೀರಾ ಇಳಿದು ಮಗನಿಗೆ ಫಿಟ್ಸ್ ಬಂದಿತ್ತು. ಅಂದಿನಿಂದ ಅವರು ರಾತ್ರಿ ಒಂದು, ಮೂರು, ಐದು ಗಂಟೆಗೆ ಎದ್ದು ಮಗನ ಬೆರಳು ಚುಚ್ಚುತ್ತಾರೆ. ಮತ್ತೆ ಇಳಿದೀತೆಂಬ ಹೆದರಿಕೆಗೆ ರಾತ್ರಿಯ ಇನ್ಸುಲಿನ್ ಎರಡು ಯೂನಿಟ್ ಕಮ್ಮಿ, ಮಲಗುವ ಮೊದಲು ಬಾಳೆಹಣ್ಣು ಒಂದು ಜಾಸ್ತಿ. ಬೆಳಗ್ಗೆ ಅಂಕಿ ಏರಿದ್ದಕ್ಕೆ ಬೈಗುಳ ಮಗನಿಗೆ. ಏರಿಸಿದ್ದು ತಾನೇ ಎಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಎರಡು ವರ್ಷ ನಿದ್ದೆಗೆಟ್ಟ ತಲೆಯಲ್ಲಿ ಈ ಎರಡು ಸಂಗತಿ ಒಟ್ಟಿಗೆ ನಿಲ್ಲುವುದಿಲ್ಲ.

ಇನ್ನೊಂದು ತೊಡಕು ನಮ್ಮ ಜಿಲ್ಲೆಯದ್ದೇ. ಡೋಸಿನ ಚೀಟಿ ಮಲೆಯಾಳದಲ್ಲಿತ್ತು. ಅಮ್ಮನಿಗೆ ಅದನ್ನು ಓದಲು ಬಾರದು, ಓದಿ ಹೇಳುವವನು ಮಗ. ತನಗೆ ಬೇಡವಾದ ಸಾಲನ್ನು ಅವನು ಹಾರಿಸದೆ ಇರುತ್ತಾನೆಯೆ? ಅದನ್ನು ಕನ್ನಡದಲ್ಲಿ ಬರೆದು, ನರ್ಸಿನ ಹತ್ತಿರ ತಾಳೆ ನೋಡಿಸಿ ಫ್ರಿಜ್ಜಿಗೆ ಅಂಟಿಸಿದ್ದು ಮೊದಲ ಕೆಲಸ.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರಲ್ಲಿ ಅಮ್ಮನಿಗೆ 27ಕ್ಕೆ 16 ಬಂತು. 10 ಮುಟ್ಟಿದರೇ ವೈದ್ಯರಿಗೆ ತೋರಿಸಬೇಕು. ಸಾಯುವ ಯೋಚನೆಯ ಕೊನೆಯ ಪ್ರಶ್ನೆಯನ್ನು ಬಾಯಿಬಿಟ್ಟೇ ಕೇಳಬೇಕು. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. “ಸಾಯುದು ಬೇಡ, ಒಂದು ರಾತ್ರಿ ನಿದ್ದೆ ಸಾಕು” ಅಂದರು. ಹೌದು ಅಂದಿದ್ದರೆ ಅದೇ ದಿನ ಮನೋವೈದ್ಯರ ಬಳಿ ಕರೆದೊಯ್ದು, ಇನ್ಸುಲಿನ್ನಿನ ಜವಾಬ್ದಾರಿ ಬೇರೆಯವರಿಗೆ ಕೊಡಬೇಕಿತ್ತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ಕಿಗೆ ಕಳಿಸಿದೆವು. ಅಲ್ಲಿ ಕೊಟ್ಟ ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ನಡುವೆ ಬಿಡಬೇಡಿ ಎಂದೆವು. ರಾತ್ರಿ ತಡೆಯದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ಹೆದರಿಕೆಗೆ ಧೈರ್ಯದ ಮಾತು ಸಾಲದು, ತಾಲೀಮು ಬೇಕು. ಅಜ್ಜಿಯನ್ನೂ ಕೂರಿಸಿ ಮಾಡಿಸಿದ್ದು ಹೀಗೆ: 70ಕ್ಕಿಂತ ಕೆಳಗೆ ಬಂದರೆ ಮೂರು ಟೀ ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸುವುದು, ಗಡಿಯಾರ ನೋಡಿ 15 ನಿಮಿಷ ಕಾಯುವುದು, ಮತ್ತೆ ಚುಚ್ಚಿ ನೋಡುವುದು. ಇನ್ನೂ 70 ದಾಟದಿದ್ದರೆ ಅಷ್ಟೇ ಮತ್ತೊಮ್ಮೆ. ಎಡವುವುದೆಲ್ಲ ಆ 15 ನಿಮಿಷದಲ್ಲಿ. ಕಾಯಲಾರದೆ ಬಿಸ್ಕತ್ತು, ಹಾಲು, ಹಣ್ಣು ಎಲ್ಲ ತುರುಕಿ 300ಕ್ಕೆ ಏರಿಸಿಬಿಡುತ್ತಾರೆ. ಚಾಕೊಲೇಟಂತೂ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನಕ್ಕೆ ಏರುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಕೂಡದು, ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ. ಅಜ್ಜಿ ಮರುದಿನವೇ ಸಕ್ಕರೆ ಡಬ್ಬಿಗೆ ಚಮಚವನ್ನು ದಾರದಲ್ಲಿ ಕಟ್ಟಿಟ್ಟರಂತೆ.

ಡೋಸ್ ನಿರ್ಧರಿಸುವುದು ಆಪ್ತಸಲಹೆಗಾರರ ಕೆಲಸವಲ್ಲ. ಎರಡು ಯೂನಿಟ್‌ನ ವಿಷಯವನ್ನು ಅಮ್ಮನೇ ವೈದ್ಯರಿಗೆ ಹೇಳಿದರು. ಅವರು ಡೋಸ್ ಸರಿಪಡಿಸಿ, ಮಲಗುವಾಗ ಒಮ್ಮೆ ನೋಡಿ, ಮೂರು ಗಂಟೆಯದ್ದು ಜ್ವರ ಬಂದಾಗ, ಸಂಜೆ ಜೋರಾಗಿ ಆಡಿದಾಗ, ಡೋಸ್ ಬದಲಾದಾಗ ಸಾಕು ಎಂದರು. ಟೈಪ್ 1 ಮಧುಮೇಹದ ಮಕ್ಕಳಿಗಾಗಿ ಇರುವ ಕೇರಳ ಸಾಮಾಜಿಕ ಸುರಕ್ಷಾ ಮಿಷನ್ನಿನ ‘ಮಿಠಾಯಿ’ ಯೋಜನೆಗೂ ಅರ್ಜಿ ಹಾಕಿಸಿದೆವು.

ಅಪ್ಪನ ಫೋನು ಶುರುವಾಗುತ್ತಿದ್ದುದೇ “ಶುಗರ್ ಎಷ್ಟು?” ಎಂದು. ಈಗ ಮಗನ ಜೊತೆ ಆ ಮಾತಿಲ್ಲ. ರಾತ್ರಿ ಒಂಬತ್ತೂವರೆಗೆ, ಅಲ್ಲಿ ಎಂಟು, ಮೀಟರಿನ ಫೋಟೊ ಹೋಗುತ್ತದೆ. ಲೆಕ್ಕ ಇಡುವುದು, ಮೀಟರಿನ ಸ್ಟ್ರಿಪ್ ಮುಗಿಯುವ ಮೊದಲು ತರಿಸುವುದು ಅಪ್ಪನ ಪಾಲು. ಮನೆಯಲ್ಲಿ ‘ಒಳ್ಳೆ ಶುಗರ್, ಕೆಟ್ಟ ಶುಗರ್’ ಎಂಬ ಮಾತನ್ನು ಬಿಡಿಸಿದೆವು. ಅಂಕಿ ಎಷ್ಟೇ ಬರಲಿ, ಅಮ್ಮ ಹೇಳಬೇಕಾದ್ದು “ಆಯ್ತು ಮಗಾ, ಈಗ ಎಂತ ಮಾಡುವ?” ಮೊದಲ ವಾರ ಹೇಳಲು ಆಗಲಿಲ್ಲ, ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಅದೂ ಪರವಾಗಿಲ್ಲ, ಬೈಗುಳಕ್ಕಿಂತ ಮೇಲು.

ಮೂರು ತಿಂಗಳ ಬಳಿಕ ಎಚ್‌ಬಿಎ1ಸಿ 8.7. ಅಮ್ಮನಿಗೆ ಈಗಲೂ ಮೂರು ಗಂಟೆಗೆ ಎಚ್ಚರವಾಗುತ್ತದೆ, ಆದರೆ ಏಳುವುದಿಲ್ಲ. ಹೊಸ ನೋಟ್‌ಬುಕ್ಕಿನಲ್ಲಿ ಒಂದು ಭಾನುವಾರದ ಎದುರು ಹುಡುಗ ಬರೆದಿದ್ದ: “294. ಮದುವೆ ಪಾಯಸ, ಎರಡು ಲೋಟ.”