ಏರು ಹತ್ತಿದರೆ ಸಾಲದು, ಇಳಿಜಾರಲ್ಲಿ ನಿಲ್ಲಬೇಕು: ತೋಟದ ಗಾಡಿ ಬಗ್ಗೆ ಓದುಗರ ಪ್ರಶ್ನೆಗಳು

ತೋಟಕ್ಕೆ ತಕ್ಕ ಫೋರ್ ಬೈ ಫೋರ್ ಗಾಡಿ, ಟ್ರೇಲರ್, ಮಳೆಗಾಲದ ದಾರಿ ಕುರಿತು ಕೊಡಗಿನ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಟಾರು ರಸ್ತೆಯಿಂದ ನಮ್ಮ ಕಣಕ್ಕೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಒಂದು ತೋಡು (ಹಳ್ಳ), ಮೂರು ಕಡಿದಾದ ತಿರುವು. ಈಗಿರುವ ಪಿಕಪ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡು ಬಿಟ್ಟು ಹೊರಡುವುದಿಲ್ಲ. ಥಾರ್, ಗೂರ್ಖಾ, ಜಿಮ್ನಿ, ವಿ-ಕ್ರಾಸ್, ಹೈಲಕ್ಸ್ ಇವುಗಳಲ್ಲಿ ಯಾವುದು ಕೊಳ್ಳಲಿ? ಕೊಯ್ಲಿನಲ್ಲಿ ಟ್ರೇಲರ್ ಕಟ್ಟಿ 20 ಚೀಲ ರೋಬಸ್ಟಾ ಹಣ್ಣು ಎಳೆಯಬೇಕು. (ಬಿರುನಾಣಿ)

ಶೋರೂಮಿಗೆ ಹೋಗುವ ಮೊದಲು ಟೇಪು ಹಿಡಿದು ಆ ಮೂರು ತಿರುವುಗಳಿಗೆ ಹೋಗಿ. ವಿ-ಕ್ರಾಸ್ ಮತ್ತು ಹೈಲಕ್ಸ್ ಎರಡೂ 5.3 ಮೀಟರ್ ಉದ್ದ. ಥಾರ್ ಮತ್ತು ಜಿಮ್ನಿ 4 ಮೀಟರಿಗೂ ತುಸು ಕಡಿಮೆ. ಹಳೇ ಜೀಪಿಗೆಂದು ಕಡಿದ ತೋಟದ ತಿರುವಿನಲ್ಲಿ ಉದ್ದದ ಪಿಕಪ್ ಒಂದೇ ಸಲಕ್ಕೆ ತಿರುಗುವುದಿಲ್ಲ. ಹಿಂದೆ ಮುಂದೆ ಮಾಡಿ ಎರಡು ಸಲ ಸ್ಟೀರಿಂಗ್ ತಿರುಗಿಸಬೇಕು. ಬೇಸಿಗೆಯಲ್ಲಿ ಅದು ಬರೀ ಬೇಜಾರಿನ ಕೆಲಸ. ಜುಲೈಯಲ್ಲಿ ಹಾಗಲ್ಲ, ಹಿಂದಿನ ಚಕ್ರ ಅಂಚಿನ ಮೆತ್ತನೆ ಮಣ್ಣಿಗೆ ಇಳಿಯಿತೆಂದರೆ ಗಾಡಿ ಕಾಫಿ ಗಿಡದ ಮೇಲೆ. ದಾರಿ ಅಗಲ ಮಾಡಲು ಜಾಗವಿದ್ದರೆ ಸರಿ, ಇಲ್ಲದಿದ್ದರೆ ಆ ಎರಡನ್ನೂ ಪಟ್ಟಿಯಿಂದ ಕೈಬಿಡಿ.

ಎರಡನೆಯದು ಲೋ ಗೇರು. 4ಎಲ್, ಅಂದರೆ ನಾಲ್ಕೂ ಚಕ್ರಕ್ಕೆ ಲೋ ಗೇರು, ಇಲ್ಲದ ಗಾಡಿ ನಿಮ್ಮ ದಾರಿಗೆ ಬೇಡವೇ ಬೇಡ. ಥಾರ್‌ನ 4ಎಲ್‌ನಲ್ಲಿ ಗಾಡಿಯ ವೇಗ ಸುಮಾರು ಎರಡೂವರೆ ಪಟ್ಟು ಇಳಿಯುತ್ತದೆ, ಚಕ್ರಕ್ಕೆ ಸಿಗುವ ತಿರುಚು ಬಲ ಅಷ್ಟೇ ಪಟ್ಟು ಏರುತ್ತದೆ. ಕ್ಲಚ್ ಸುಡದೆ ಏರು ಹತ್ತುವುದು, ಬ್ರೇಕ್ ಮುಟ್ಟದೆ ಇಳಿಯುವುದು ಎರಡೂ ಇದರಿಂದಲೇ. ಹಿಂದಿನ ಚಕ್ರಕ್ಕಷ್ಟೇ ಡ್ರೈವ್ ಇರುವ ಥಾರ್ ಕೂಡ 2023ರಿಂದ ಮಾರಾಟದಲ್ಲಿದೆ, ಹೊರಗಿನಿಂದ ಹೆಚ್ಚು ವ್ಯತ್ಯಾಸ ಕಾಣದು. ಬುಕಿಂಗ್ ಚೀಟಿಯಲ್ಲಿ ಫೋರ್ ಬೈ ಫೋರ್ ಎಂದು ಬರೆಸಿಕೊಳ್ಳಿ.

ಮೂರನೆಯದು ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರು) ಲಾಕ್. ಕೊರಕಲು ದಾರಿಯಲ್ಲಿ ಎದುರುಬದುರು ಮೂಲೆಯ ಎರಡು ಚಕ್ರಗಳು ಗಾಳಿಯಲ್ಲಿ ತೇಲುತ್ತವೆ. ಲಾಕ್ ಇಲ್ಲದಿದ್ದರೆ ಎಂಜಿನ್ನಿನ ಬಲವೆಲ್ಲ ಆ ತೇಲುವ ಚಕ್ರಗಳಿಗೇ ಹೋಗಿ ಸುಮ್ಮನೆ ಸುತ್ತುತ್ತವೆ. ಗೂರ್ಖಾದಲ್ಲಿ ಮುಂದಿನದನ್ನೂ ಹಿಂದಿನದನ್ನೂ ಕೈಯಿಂದಲೇ ಲಾಕ್ ಮಾಡಬಹುದು, ಅದರ ದೊಡ್ಡ ಗುಣ ಇದು. ಥಾರ್‌ನಲ್ಲಿ ಹಿಂದಿನ ಮೆಕ್ಯಾನಿಕಲ್ ಲಾಕ್ ಎಲ್ಲ ವೇರಿಯಂಟಿಗೂ ಬರುವುದಿಲ್ಲ, ಕೇಳಿ ನೋಡಿ. ಜಿಮ್ನಿಯಲ್ಲಿ ಸುತ್ತುವ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಕೊಡುವ ವ್ಯವಸ್ಥೆ ಇದೆ. ಖಾಲಿ ಗಾಡಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ತೋಡು ದಾಟಲು ಥಾರ್‌ಗೆ 650, ಗೂರ್ಖಾ ಮತ್ತು ಹೈಲಕ್ಸ್‌ಗೆ 700 ಮಿಲಿಮೀಟರ್ ಆಳದವರೆಗೆ ಕಂಪನಿಗಳೇ ಅವಕಾಶ ಹೇಳಿವೆ. ಅದು ನಿಂತ ನೀರಿನ ಲೆಕ್ಕ. ಹರಿಯುವ ನೀರು ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ನೀರು ಮೊಣಕಾಲು ದಾಟಿದ್ದರೆ ಕಾಯುವುದೇ ಸರಿ.

ಟ್ರೇಲರ್ ಇಲ್ಲದಿದ್ದರೆ, ಮನುಷ್ಯರು ಮತ್ತು ಎರಡು ಮೂರು ಚೀಲ ಗೊಬ್ಬರಕ್ಕೆ ಜಿಮ್ನಿಗಿಂತ ಒಳ್ಳೆಯ ಗಾಡಿ ಆ ಕೆಸರಿಗೆ ಇಲ್ಲ. ಸುಮಾರು 1,200 ಕೆ.ಜಿ. ತೂಗುವ ಗಾಡಿ ಹೂಳುವುದೂ ಕಡಿಮೆ, ಹೂತರೆ ನಾಲ್ಕು ಜನ ಸೇರಿ ಎಬ್ಬಿಸಬಹುದು. ಆದರೆ ಅದರ ಪೆಟ್ರೋಲ್ ಎಂಜಿನ್ ಕೊಡುವುದು 134 ನ್ಯೂಟನ್ ಮೀಟರ್ ತಿರುಚು ಬಲ, ಥಾರ್‌ನ 2.2 ಲೀಟರ್ ಡೀಸೆಲ್ ಕೊಡುವುದು 300. ಎಳೆಯುವ ಕೆಲಸ ಖಂಡಿತ ಇದೆ ಎಂದಾದರೆ ಡೀಸೆಲ್ ಥಾರ್ ಅಥವಾ ಮೂರು ಬಾಗಿಲಿನ ಗೂರ್ಖಾ. ಕೊರಕಲು ಹೆಚ್ಚಿದ್ದರೆ ಗೂರ್ಖಾ. ವಾರಕ್ಕೆರಡು ಸಲ ಮೈಸೂರಿಗೂ ಓಡಾಡಬೇಕಿದ್ದರೆ ಥಾರ್.

20 ಚೀಲದ ಮಾತಿಗೆ ಮುಂದಿನ ಉತ್ತರ ಓದಿ. ಅದನ್ನು ನಾವು ಒಪ್ಪುವುದಿಲ್ಲ.

ಪ್ರಶ್ನೆ: ಥಾರ್‌ಗೆ ಎರಡು ಚಕ್ರದ ಟ್ರೇಲರ್ ಮಾಡಿಸುತ್ತಿದ್ದೇವೆ. ಸ್ಥಳೀಯ ವರ್ಕ್‌ಶಾಪಿನವರು ಬ್ರೇಕ್ ಬೇಕಿಲ್ಲ, ಗಾಡಿಯ ಬ್ರೇಕೇ ಸಾಕು ಎನ್ನುತ್ತಾರೆ. ನಿಜವೇ? (ಮಾದಾಪುರ)

ಅಲ್ಲ. ಲೆಕ್ಕ ಹಾಕಿಯೇ ನೋಡೋಣ.

ಇಬ್ಬರು ಕೂತ ಥಾರ್ 1,900 ಕೆ.ಜಿ. ಎಂದಿಟ್ಟುಕೊಳ್ಳಿ. ಖಾಲಿ ಟ್ರೇಲರ್ 300, ಅದರಲ್ಲಿ 50 ಕೆ.ಜಿ.ಯ 20 ಚೀಲ ಅಂದರೆ 1,000. ಒಟ್ಟು 3,200 ಕೆ.ಜಿ. ಐದು ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿ ಈ ತೂಕ ಕೆಳಕ್ಕೆ ಎಳೆಯುವ ಬಲ ಸುಮಾರು 630 ಕೆ.ಜಿ. ತಡೆಯುವವರು ಯಾರು? ಥಾರ್‌ನ ನಾಲ್ಕು ಚಕ್ರ ಮಾತ್ರ. ಒದ್ದೆ ಜೇಡಿಮಣ್ಣಿನಲ್ಲಿ ಚಕ್ರಕ್ಕೆ ಸಿಗುವ ಹಿಡಿತ ಅದರ ಮೇಲಿನ ತೂಕದ ಶೇ 30ರಷ್ಟು ಎಂದು ಹಿಡಿದರೆ, ಟ್ರೇಲರ್ ಮೂಗಿನ (ಹುಕ್ಕಿಗೆ ಸಿಕ್ಕಿಸುವ ಮುಂತುದಿಯ) ಭಾರ ಸೇರಿಸಿಯೂ 600 ಕೆ.ಜಿ. ದಾಟುವುದಿಲ್ಲ. 630ರ ಎಳೆತಕ್ಕೆ 600ರ ತಡೆ! ಬ್ರೇಕ್ ಎಷ್ಟೇ ಹೊಸದಿರಲಿ, ಚಕ್ರ ನಿಂತೇ ಗಾಡಿ ಜಾರುತ್ತದೆ. ಹಿಂದಿನಿಂದ ಟ್ರೇಲರ್ ತಳ್ಳಿ ಇಡೀ ಜೋಡಿ ಕತ್ತರಿಯಂತೆ ಮಡಚಿಕೊಳ್ಳುತ್ತದೆ.

ಅದೇ 10 ಚೀಲ ಹಾಕಿ. ಎಳೆತ 530ಕ್ಕೆ ಇಳಿಯುತ್ತದೆ, ತಡೆ 580 ಸಿಗುತ್ತದೆ. ನಿಂತೀತು, ಅಷ್ಟೇ. ಟ್ರೇಲರ್‌ಗೂ ಬ್ರೇಕ್ ಇದ್ದರೆ 20 ಚೀಲ ಹೇರಿಯೂ 940ರ ಹಿಡಿತ ಸಿಗುತ್ತದೆ. ಬ್ರೇಕ್ ಬೇಕಿಲ್ಲ ಎಂದವರು ಈ ಲೆಕ್ಕ ಮಾಡಿಲ್ಲ. ಕೊಯ್ಲಿನ ಹೊತ್ತಿಗೆ ದಾರಿ ಒಣಗಿರುತ್ತದೆ ಎಂಬ ಧೈರ್ಯವೂ ಬೇಡ. ಅಕಾಲದ ಮಳೆ ಒಂದು ಗಂಟೆ ಬಂದರೆ ಸಾಕು, ಕೆಂಪು ಮಣ್ಣು ಸೋಪಾಗುತ್ತದೆ. ಒಣ ದಾರಿಯಲ್ಲೂ ಬಿಡಿ ಜಲ್ಲಿ ಗೋಲಿಯ ಹಾಗೆ ಉರುಳುತ್ತದೆ.

ನಮ್ಮ ಸಲಹೆ ಇದು. ತುಂಬಿದ ತೂಕ 750 ಕೆ.ಜಿ. ದಾಟುವ ಟ್ರೇಲರ್‌ಗೆ ಬ್ರೇಕ್ ಇರಲೇಬೇಕು. ಕ್ಯಾಬಿನ್ನಿನಿಂದಲೇ ಹಾಕುವ ಎಲೆಕ್ಟ್ರಿಕ್ ಬ್ರೇಕ್ ಆದರೆ ಉತ್ತಮ. ಟ್ರೇಲರ್ ಗಾಡಿಯನ್ನು ಒತ್ತಿದಾಗ ತಾನಾಗಿ ಹಿಡಿಯುವ ಬಗೆಯದೂ ಇದೆ, ಆದರೆ ಉದ್ದದ ಇಳಿಜಾರಿನಲ್ಲಿ ಅದು ಬಿಡದೆ ಹಿಡಿದು ಡ್ರಮ್ ಕಾಯುತ್ತದೆ, ರಿವರ್ಸ್‌ನಲ್ಲಿ ಕಚ್ಚಿಕೊಳ್ಳುತ್ತದೆ. ಹುಕ್ಕನ್ನು ಬಂಪರಿಗಲ್ಲ, ಚಾಸಿಗೇ ಬೋಲ್ಟ್ ಮಾಡಿಸಿ. ಅದರ ಕೆಳಗೆ ಎರಡು ಸರಪಳಿ ಅಡ್ಡಡ್ಡ ಕಟ್ಟಿ, ಹುಕ್ಕು ಕಳಚಿದರೂ ಮೂಗು ಸರಪಳಿಯ ಮೇಲೆ ಕೂರಬೇಕು. ಟ್ರೇಲರ್ ತೂಕದ ಶೇ 7ರಿಂದ 10ರಷ್ಟು ಭಾರ ಮೂಗಿನ ಮೇಲಿರಲಿ. ಕಾಫಿ ತೂಗುವ ತಕ್ಕಡಿಯ ಮೇಲೆ ಮೂಗನ್ನಿಟ್ಟರೆ ಗೊತ್ತಾಗುತ್ತದೆ. ಚೀಲವೆಲ್ಲ ಹಿಂದೆ ಹೇರಿದರೆ ಟಾರು ರಸ್ತೆಯಲ್ಲಿ ಟ್ರೇಲರ್ ಹಾವಿನಂತೆ ಹರಿದಾಡುತ್ತದೆ.

ಗಿಡಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಟ್ಯಾಂಕ್ ಒಯ್ಯುವುದಾದರೆ ಪೂರ್ತಿ ತುಂಬಿಸಿ, ಇಲ್ಲವೇ ಖಾಲಿ ಒಯ್ದು ಅಲ್ಲೇ ಕಲಸಿ. ಅರ್ಧ ತುಂಬಿದ 500 ಲೀಟರ್ ಟ್ಯಾಂಕಿನಲ್ಲಿ ಕಾಲು ಟನ್ ನೀರು ತಿರುವಿನಲ್ಲಿ ಒಂದೇ ಪಕ್ಕಕ್ಕೆ ಬಡಿಯುತ್ತದೆ. ಟ್ರೇಲರ್‌ನಲ್ಲಿ ಕೆಲಸದವರನ್ನು ಕೂರಿಸಲೇಬೇಡಿ. ಕಾನೂನಿನ ಕಣ್ಣಿನಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು, ವಿಮೆ ಬೇಕು. ನಿಮ್ಮ ಗಾಡಿ ಎಷ್ಟು ಎಳೆಯಬಹುದೆಂದು ಮಾಲೀಕರ ಕೈಪಿಡಿಯಲ್ಲಿದ್ದರೆ ಅದೇ ಕೊನೆಯ ಮಾತು, ನಮ್ಮ ಲೆಕ್ಕ ಅದರ ಮೇಲಲ್ಲ. ಬಿರುನಾಣಿಯ ಓದುಗರಿಗೂ ಇದೇ ಉತ್ತರ: ಬ್ರೇಕಿಲ್ಲದ ಟ್ರೇಲರ್ ಆದರೆ ತುಂಬಿದ ತೂಕ 750 ಕೆ.ಜಿ.ಯೊಳಗಿರುವಂತೆ ಒಂಬತ್ತೇ ಚೀಲ ಹಾಕಿ ಹೆಚ್ಚು ಟ್ರಿಪ್ ಹೊಡೆಯಿರಿ.

ಪ್ರಶ್ನೆ: ಕಾಡುಹಂದಿ ಕಾಟ ವಿಪರೀತ. ಪಿಕಪ್ ಮೇಲೆ ಸರ್ಚ್‌ಲೈಟ್ ಹಾಕಿಸಿ ರಾತ್ರಿ ಬೇಟೆಗೆ ಹೋಗಬಹುದೇ? ಮನೆಯಲ್ಲಿ ಕೋವಿ ಇದೆ. (ಸಿದ್ದಾಪುರ)

ಬೇಡ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿಗೆ, ಬೇಟೆಗಲ್ಲ. ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ, ತೋಟ ನಿಮ್ಮದೇ ಆದರೂ ಅಷ್ಟೇ. ಅದೇ ಕಾಯ್ದೆಯ 39ನೇ ಕಲಂ ಪ್ರಕಾರ, ಅಪರಾಧಕ್ಕೆ ಬಳಸಿ ಜಪ್ತಿಯಾದ ವಾಹನ, ಆಯುಧ ಎರಡೂ ಸರ್ಕಾರದ ಸ್ವತ್ತು. ಹಂದಿಯ ಹಾನಿಗೆ ಅರಣ್ಯ ಇಲಾಖೆಗೆ ಬರೆದುಕೊಟ್ಟು ಪರಿಹಾರ ಕೇಳಿ, ಗದ್ದೆಯಂಚಿಗೆ ಸೋಲಾರ್ ಬೇಲಿ ಹಾಕಿಸಿ.

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಕೋವಿ ಒಯ್ಯುವಾಗ ಮನೆಯಲ್ಲೇ ಖಾಲಿ ಮಾಡಿ, ನಳಿಗೆ ತೆರೆದು ಕಣ್ಣಾರೆ ನೋಡಿ, ಚೀಲದೊಳಗಿಟ್ಟು ಅಲುಗದಂತೆ ಕಟ್ಟಿ. ತೋಟಾ ಬೇರೆ ಪೆಟ್ಟಿಗೆಯಲ್ಲಿ, ಬೀಗ ಹಾಕಿ. ಗುಂಡಿ ದಾರಿಯಲ್ಲಿ ಸೀಟಿಗೆ ಒರಗಿಸಿಟ್ಟ ಕೋವಿ ಬಿದ್ದೇ ಬೀಳುತ್ತದೆ. ವಿನಾಯಿತಿ ಪ್ರಮಾಣಪತ್ರ ಜೊತೆಗಿರಲಿ.

ಆನೆ ಓಡಾಡುವ ತೋಟದಲ್ಲಿ ಹೆಚ್ಚುವರಿ ದೀಪ ಬೇಕೆಂದರೆ ರಿವರ್ಸ್‌ಗೆ ಹಾಕಿಸಿ. ಆನೆ ಎದುರಾದರೆ ಹಾರ್ನ್ ಮಾಡದೆ, ಹೈ ಬೀಮ್ ಹಾಕದೆ ನೇರ ಹಿಂದಕ್ಕೆ ಬರಬೇಕು. ಆಗ ಬೆಳಕು ಬೇಕಾಗುವುದು ಹಿಂದೆ.

ಪ್ರಶ್ನೆ: ಸರ್ವಿಸ್‌ನಲ್ಲಿ ಹಿಂದಿನ ಡಿಫರೆನ್ಷಿಯಲ್ ಆಯಿಲ್ ಬಿಳಿಚಿ ಬಂದಿದೆ. ಸೀಲ್ ಬದಲಿಸಿ ಎಂದರು. ಬದಲಿಸಿದರೂ ಮತ್ತೆ ಹಾಗೇ. (ಭಾಗಮಂಡಲ)

ನೀರು ಸೀಲಿನಿಂದಷ್ಟೇ ಬರುವುದಿಲ್ಲ. ಅರ್ಧ ಗಂಟೆ ಓಡಿದ ಡಿಫರೆನ್ಷಿಯಲ್ ಬಿಸಿಯಾಗಿರುತ್ತದೆ. ಹಾಗೇ ತೋಡಿನ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಆಕ್ಸಲ್ ಮೇಲಿನ ಬ್ರೀದರ್ ತೂತಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಬ್ರೀದರ್ ಕೆಸರು ಕಟ್ಟಿ ಮುಚ್ಚಿದ್ದರೆ ಹೀರುವುದು ಸೀಲಿನ ತುಟಿಯಿಂದ. ಹಾಗಾಗಿ ಸೀಲ್ ಎಷ್ಟು ಬದಲಿಸಿದರೂ ಅದೇ ಕಥೆ. ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಅಲ್ಲಿಂದ ಒಂದು ರಬ್ಬರ್ ಟ್ಯೂಬನ್ನು ಬಾನೆಟ್ಟಿನ ಎತ್ತರಕ್ಕೆ ಎಳೆಸಿ, ತುದಿಯನ್ನು ಕೆಳಮುಖ ಮಾಡಿ.

ಮಳೆಗಾಲದಲ್ಲಿ ಮನೆಯಲ್ಲೇ ಪರೀಕ್ಷಿಸಬಹುದು. ರಾತ್ರಿಯಿಡೀ ನಿಂತ ಗಾಡಿಯ ಡ್ರೇನ್ ಪ್ಲಗ್ಗನ್ನು ಬೆಳಿಗ್ಗೆ ಅರ್ಧ ಸುತ್ತು ಸಡಿಲಿಸಿ, ಕೆಳಗೆ ಬಿಳಿ ತಟ್ಟೆ ಹಿಡಿಯಿರಿ. ನೀರು ಆಯಿಲ್‌ಗಿಂತ ಭಾರ, ಅದೇ ಮೊದಲು ಹನಿಯುತ್ತದೆ. ಜೇನಿನ ಬಣ್ಣ ಬಂದರೆ ಬಿಗಿ ಮಾಡಿ. ಹಾಲು ಹೆಚ್ಚಾದ ಕಾಫಿಯ ಬಣ್ಣ ಬಂದರೆ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಿ, 100 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ನೋಡಿ. ಟ್ರೇಲರ್‌ನ ಚಕ್ರದ ಬೇರಿಂಗಿಗೂ ಇದೇ ಕಾಯಿಲೆ. ಪ್ರತಿ ಮಳೆಗಾಲ ಮುಗಿದ ಮೇಲೆ ಬಿಚ್ಚಿ ಗ್ರೀಸ್ ತುಂಬಿಸಿ.

ಪ್ರಶ್ನೆ: ಟಾರು ರಸ್ತೆಗೆ ಬಂದಮೇಲೆ 4ಎಚ್‌ನಿಂದ (ನಾಲ್ಕೂ ಚಕ್ರಕ್ಕೆ ಡ್ರೈವ್, ಮಾಮೂಲಿ ಗೇರು) ಲಿವರ್ ಹಿಂದಕ್ಕೆ ಬರುವುದೇ ಇಲ್ಲ. (ನಾಪೋಕ್ಲು)

ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಕೆಸರಿನಲ್ಲಿ ಚಕ್ರ ತುಸು ಜಾರಿ ಸರಿಹೊಂದಿಸಿಕೊಳ್ಳುತ್ತದೆ, ಟಾರಿನಲ್ಲಿ ಜಾರದೆ ಗೇರಿನೊಳಗೆ ತಿರುಚು ಕಟ್ಟುತ್ತದೆ. ಲಿವರನ್ನು ಕಾಲಿನಿಂದ ಒದೆಯಬೇಡಿ. ಸ್ಟೀರಿಂಗ್ ನೇರ ಮಾಡಿ ಐದಾರು ಮೀಟರ್ ಹಿಂದಕ್ಕೆ ಹೋದರೆ ಬಿಡುತ್ತದೆ. ಇನ್ನು ಮುಂದೆ ಟಾರು ಹತ್ತುವ ಮೊದಲೇ 2ಎಚ್‌ಗೆ (ಎರಡೇ ಚಕ್ರಕ್ಕೆ ಡ್ರೈವ್) ಹಾಕಿ.

ಪ್ರಶ್ನೆ: ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಬಹುದೇ? (ಸುಂಟಿಕೊಪ್ಪ)

ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ನಿಷೇಧಿಸಿದೆ. ಆ ದುಡ್ಡಿಗೆ ಒಳ್ಳೆಯ ಟಯರ್ ಹಾಕಿಸಿ. ಟಾರು, ಮಣ್ಣು ಎರಡೂ ಓಡುವವರಿಗೆ ಎಟಿ (ಆಲ್ ಟೆರೇನ್) ಸಾಕು. ಎಂಟಿ (ಮಡ್ ಟೆರೇನ್) ಟಯರ್ ಕೆಸರಿನಲ್ಲಿ ರಾಜ, ಒದ್ದೆ ಟಾರಿನ ಘಾಟಿಯಲ್ಲಿ ನಂಬುವಂಥದ್ದಲ್ಲ. ಕೆಸರಿನಲ್ಲಿ ಖಾಲಿ ಗಾಡಿಗೆ ಗಾಳಿ 20 ಪಿಎಸ್‌ಐಗೆ ಇಳಿಸಿ, ಟಾರು ಹತ್ತುವ ಮೊದಲು ಮತ್ತೆ ತುಂಬಿಸಿ. ಸಣ್ಣ 12 ವೋಲ್ಟ್ ಪಂಪು ಸದಾ ಗಾಡಿಯಲ್ಲಿರಲಿ. ಹೊರೆ ಇದ್ದಾಗ ಗಾಳಿ ಇಳಿಸಬಾರದು.

ಪ್ರಶ್ನೆ: ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ಎಷ್ಟು ಶಕ್ತಿಯದು ಬೇಕು? ಎಳೆಯುವಾಗ ಸಿಲ್ವರ್ ಓಕ್‌ಗೆ ಕಟ್ಟಬಹುದೇ? (ಸೋಮವಾರಪೇಟೆ)

ಹೊರೆ ಸಮೇತ ಗಾಡಿ ತೂಕದ ಒಂದೂವರೆ ಪಟ್ಟು. ಥಾರ್, ಗೂರ್ಖಾಗಳಿಗೆ 9,500 ಪೌಂಡಿನದು, ಅಂದರೆ ಸುಮಾರು 4,300 ಕೆ.ಜಿ.ಯದು ಸರಿ. ಈ ಬಲ ಸಿಗುವುದು ಡ್ರಮ್ಮಿನಲ್ಲಿ ಹಗ್ಗದ ಒಂದೇ ಪದರ ಉಳಿದಾಗ ಮಾತ್ರ. ಹಗ್ಗ ಹೆಚ್ಚು ಸುತ್ತಿಕೊಂಡಷ್ಟೂ ಬಲ ಕಡಿಮೆ. ಒಂದು ರಾಟೆ ಇಟ್ಟುಕೊಳ್ಳಿ. ಹಗ್ಗವನ್ನು ಅದರ ಮೂಲಕ ಗಾಡಿಗೇ ಮರಳಿ ಕಟ್ಟಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿ, ವೇಗ ಅರ್ಧ.

ಮರಕ್ಕೆ ಉಕ್ಕಿನ ಹಗ್ಗ ನೇರ ಸುತ್ತಬೇಡಿ. ತೊಗಟೆ ಸುತ್ತಲೂ ಕತ್ತರಿಸಿದರೆ ಮರ ಒಣಗುತ್ತದೆ, ಸಿಲ್ವರ್ ಓಕ್ ಆದರೆ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಹೋಗುತ್ತದೆ. ಮೂರು ಇಂಚು ಅಗಲದ ಪಟ್ಟಿ ಬಳಸಿ, ಬುಡಕ್ಕೆ ಆದಷ್ಟು ಹತ್ತಿರ ಕಟ್ಟಿ. ಹತ್ತಿರದಲ್ಲಿ ಬಲಿತ ಹಲಸು ಅಥವಾ ನೇರಳೆ ಇದ್ದರೆ ಅದನ್ನೇ ಆರಿಸಿ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ತುಂಡಾದರೆ ಹಾರುವ ವೇಗ ತಗ್ಗುತ್ತದೆ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು. ಟ್ರೇಲರ್‌ನ ಗುಂಡು ಹುಕ್ಕಿಗೆ ಎಳೆಯುವ ಹಗ್ಗ ಸಿಕ್ಕಿಸಲೇಬೇಡಿ. ಆ ಗುಂಡು ಮುರಿದು ಹಾರಿದರೆ ತಗಡನ್ನೂ ಗಾಜನ್ನೂ ಸೀಳಿಕೊಂಡು ಬರುತ್ತದೆ.