ಕೆಂಪು ಹರಳಿಗೂ ಪಚ್ಚೆಗೂ ಬಣ್ಣ ಕೊಡುವುದು ಒಂದೇ ಲೋಹವೇ?

ಪ್ರಶ್ನೆ: ನಮ್ಮ ಭಾಗದ ಗಣಿಗಳ ಕಬ್ಬಿಣದ ಅದಿರಿನ ಗಟ್ಟಿ ಹೆಂಟೆ ಉಕ್ಕಿನಂತೆ ಬೂದುಗಪ್ಪಾಗಿ ಹೊಳೆಯುತ್ತದೆ. ಅದೇ ಅದಿರಿನ ಧೂಳು ಮಾತ್ರ ಮನೆ, ಮರ, ಬಟ್ಟೆಗಳನ್ನೆಲ್ಲ ಕೆಂಪಾಗಿಸುತ್ತದೆ. ಒಂದೇ ವಸ್ತುವಿಗೆ ಎರಡು ಬಣ್ಣ ಹೇಗೆ?
— ಓದುಗರು, ಸಂಡೂರು

ಉತ್ತರ: ನಿಮ್ಮಲ್ಲಿಯ ಅದಿರಿನಲ್ಲಿ ಪ್ರಧಾನವಾಗಿರುವುದು ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದ ಹೆಮಟೈಟ್ ಖನಿಜ. ಅದು ಬೆಳಕಿನ ನೇರಳೆ, ನೀಲಿ, ಹಸಿರು ಭಾಗಗಳನ್ನು ಬಹಳ ಬಲವಾಗಿ ಹೀರಿಕೊಳ್ಳುತ್ತದೆ. ಹೆಂಟೆ ದಪ್ಪವಾಗಿರುವಾಗ ಒಳಹೊಕ್ಕ ಕೆಂಪು ಬೆಳಕೂ ಹೊರಬರಲಾರದು. ಮೇಲ್ಮೈಯಿಂದ ಪುಟಿದ ಬೆಳಕಷ್ಟೇ ಕಣ್ಣಿಗೆ ಬೀಳುವುದರಿಂದ ಲೋಹದಂತಹ ಹೊಳಪು ಕಾಣುತ್ತದೆ. ನುಣ್ಣಗೆ ಪುಡಿಯಾದಾಗ ಬೆಳಕು ಸಣ್ಣ ಕಣಗಳನ್ನು ಹಾದು ಚದುರಿ ಹೊರಬರುತ್ತದೆ, ಆಗ ಉಳಿದ ಕೆಂಪು ಗೋಚರಿಸುತ್ತದೆ. ಬಿಳಿ ಟೈಲ್ಸಿನ ಹಿಂಬದಿಯ ಒರಟು ಭಾಗಕ್ಕೆ ಹೆಂಟೆಯನ್ನು ಒತ್ತಿ ಉಜ್ಜಿ ನೋಡಿ: ಬೂದುಗಪ್ಪು ಕಲ್ಲು ಕೆಂಪು ಗೆರೆ ಎಳೆಯುತ್ತದೆ. ಅದೇ ಗುಡ್ಡಗಳಲ್ಲಿ ಸಿಗುವ ಮ್ಯಾಂಗನೀಸ್ ಅದಿರಿನ ಗೆರೆ ಕಪ್ಪಾಗಿರುತ್ತದೆ. ನೋಟಕ್ಕೆ ಒಂದೇ ತರಹ ಕಾಣುವ ಈ ಎರಡು ಅದಿರುಗಳನ್ನು ಬೇರ್ಪಡಿಸಲು ಭೂವಿಜ್ಞಾನಿಗಳು ಮಾಡುವ ಮೊದಲ ಪರೀಕ್ಷೆಗಳಲ್ಲಿ ಇದೂ ಒಂದು.

ಮಸಾರಿ ಭೂಮಿಯ ಕೆಂಪಿಗೂ, ಗೋಡೆಗೆ ಬಳಿಯುವ ಕೆಮ್ಮಣ್ಣಿನ ಬಣ್ಣಕ್ಕೂ ಇದೇ ಖನಿಜ ಕಾರಣ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಬಂಡೆಗಳ ಮೇಲಿನ ಪ್ರಾಚೀನ ಕೆಂಪು ಚಿತ್ರಗಳು ಇಷ್ಟು ಕಾಲ ಉಳಿದದ್ದರಲ್ಲಿ ಇದರ ಸ್ಥಿರತೆಯ ಪಾಲು ದೊಡ್ಡದು. ಗಾಳಿಯ ಆಮ್ಲಜನಕದೊಡನೆ ಆಗಬೇಕಾದ ಕ್ರಿಯೆ ಈ ಕಬ್ಬಿಣದಲ್ಲಿ ಆಗಲೇ ಮುಗಿದಿರುವುದರಿಂದ ಬಿಸಿಲು ಗಾಳಿಗಳು ಅದನ್ನು ಮತ್ತೆ ಬದಲಿಸುವುದಿಲ್ಲ.

ಪ್ರಶ್ನೆ: ಉಂಗುರಕ್ಕೆ ಹರಳು ಕೂರಿಸುವವರೊಬ್ಬರು, ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಒಂದೇ ಲೋಹ ಕಾರಣವೆಂದರು. ಇದು ನಿಜವೇ? ಟಾರ್ಚ್ ಬೆಳಕಿನಲ್ಲಿ ಕೆಂಪಾಗಿ ಹೊಳೆದರೆ ಅಸಲಿ ಎಂಬ ಮಾತನ್ನು ನಂಬಬಹುದೇ?
— ವಿದ್ಯಾರ್ಥಿನಿ, ರಾಯಚೂರು

ಉತ್ತರ: ಮೊದಲ ಮಾತು ನಿಜ, ಆ ಲೋಹ ಕ್ರೋಮಿಯಂ. ಅದನ್ನು 1797ರಲ್ಲಿ ಸೈಬೀರಿಯಾದ ಕೆಂಪು ಸೀಸದ ಅದಿರಿನಲ್ಲಿ ಗುರುತಿಸಿದ ಫ್ರಾನ್ಸಿನ ರಸಾಯನ ವಿಜ್ಞಾನಿ ವೋಕ್ಲಾಂ, ಮುಂದೆ ಮಾಣಿಕ್ಯ ಮತ್ತು ಪಚ್ಚೆಗಳಲ್ಲಿಯೂ ಅದೇ ಲೋಹವಿರುವುದನ್ನು ತೋರಿಸಿದರು.

ಮಾಣಿಕ್ಯವೆಂದರೆ ಮೂಲತಃ ಅಲ್ಯುಮಿನಿಯಂ ಆಕ್ಸೈಡಿನ ಸ್ಫಟಿಕ. ಅಪ್ಪಟವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ನೂರು ಅಲ್ಯುಮಿನಿಯಂ ಪರಮಾಣುಗಳಲ್ಲಿ ಒಂದರ ಜಾಗದಲ್ಲಿ, ಎಷ್ಟೋ ಹರಳುಗಳಲ್ಲಿ ಅದಕ್ಕೂ ಕಡಿಮೆ ಪ್ರಮಾಣದಲ್ಲಿ, ಕ್ರೋಮಿಯಂ ಕುಳಿತರೆ ಸಾಕು, ಇಡೀ ಹರಳು ಕೆಂಪಾಗುತ್ತದೆ. ಪಚ್ಚೆಯಾದರೋ ಬೆರಿಲಿಯಂ, ಅಲ್ಯುಮಿನಿಯಂ, ಸಿಲಿಕಾನ್ ಮತ್ತು ಆಮ್ಲಜನಕಗಳಿಂದಾದ ಬೇರೆಯೇ ಸ್ಫಟಿಕ. ಎರಡರಲ್ಲೂ ಕ್ರೋಮಿಯಂ ಅಯಾನಿನ (ಕೆಲವು ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಪರಮಾಣುವಿನ) ಸುತ್ತ ಆರು ಆಮ್ಲಜನಕಗಳೇ ಇರುತ್ತವೆ. ಆದರೆ ಮಾಣಿಕ್ಯದಲ್ಲಿ ಅವುಗಳ ಪ್ರಭಾವ ಹೆಚ್ಚು ಬಲವಾದದ್ದು. ಪಚ್ಚೆಯಲ್ಲಿ ಆ ಆಮ್ಲಜನಕಗಳನ್ನು ಬೆರಿಲಿಯಂ ಮತ್ತು ಸಿಲಿಕಾನ್ ಸಹ ತಮ್ಮತ್ತ ಬಲವಾಗಿ ಹಿಡಿದಿರುವುದರಿಂದ ಕ್ರೋಮಿಯಂ ಮೇಲಿನ ಪ್ರಭಾವ ಸ್ವಲ್ಪ ತಗ್ಗುತ್ತದೆ. ಕ್ರೋಮಿಯಂನ ಹೊರಭಾಗದ ಇಲೆಕ್ಟ್ರಾನುಗಳು ಒಂದು ಶಕ್ತಿಮಟ್ಟದಿಂದ ಇನ್ನೊಂದಕ್ಕೆ ಏರಲು ಎಷ್ಟು ಶಕ್ತಿ ಬೇಕೆಂಬುದನ್ನು ಈ ಪ್ರಭಾವ ನಿರ್ಧರಿಸುತ್ತದೆ. ಮಾಣಿಕ್ಯ ನೇರಳೆಯನ್ನೂ ಹಳದಿ-ಹಸಿರನ್ನೂ ಹೀರಿ ಕೆಂಪನ್ನು ಬಿಡುತ್ತದೆ. ಶಕ್ತಿಯ ಅಂತರ ತುಸು ಕಡಿಮೆಯಿರುವ ಪಚ್ಚೆ ಹಳದಿ, ಕಿತ್ತಳೆ, ಕೆಂಪುಗಳನ್ನು ಹೀರಿ ಹಸಿರನ್ನು ಬಿಡುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಇಷ್ಟು ದೊಡ್ಡ ಬಣ್ಣದ ಅಂತರವನ್ನು ಉಂಟುಮಾಡುವುದು ಕ್ರೋಮಿಯಂ, ಕಬ್ಬಿಣ, ತಾಮ್ರಗಳಂತಹ ಸಂಕ್ರಮಣ ಲೋಹಗಳ ರಸಾಯನಶಾಸ್ತ್ರದ ಅತ್ಯಂತ ಸುಂದರ ಸಂಗತಿಯೆಂದೇ ನನ್ನ ಭಾವನೆ. ಅಂದಹಾಗೆ, ಇಂದ್ರನೀಲದ ಸ್ಫಟಿಕವೂ ಮಾಣಿಕ್ಯದ್ದೇ. ಅಲ್ಲಿ ಕಬ್ಬಿಣ ಮತ್ತು ಟೈಟಾನಿಯಂಗಳ ನಡುವೆ ಇಲೆಕ್ಟ್ರಾನು ದಾಟುವುದರಿಂದ ನೀಲಿ ಬರುತ್ತದೆ.

ಟಾರ್ಚಿನ ಪರೀಕ್ಷೆಯನ್ನು ನಂಬಿ ದಯವಿಟ್ಟು ಹಣ ಕೊಡಬೇಡಿ. ಅತಿನೇರಳೆ ಬೆಳಕು ಬಿದ್ದಾಗ ಮಾಣಿಕ್ಯ ಕೆಂಪಾಗಿ ಮಿನುಗುವುದು ದಿಟವಾದರೂ, ಹಾಗೆ ಮಿನುಗುವುದು ಅದರಲ್ಲಿರುವ ಕ್ರೋಮಿಯಂನಿಂದ. ಫ್ರಾನ್ಸಿನ ರಸಾಯನ ವಿಜ್ಞಾನಿ ವೆರ್ನಾಯ್ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ಕುಲುಮೆಯಲ್ಲಿ ತಯಾರಾಗುವ ಮಾಣಿಕ್ಯದಲ್ಲೂ ಅದೇ ಲೋಹ, ಅದೇ ಸ್ಫಟಿಕವಿರುವುದರಿಂದ ಅದೂ ಹಾಗೆಯೇ ಮಿನುಗುತ್ತದೆ, ಕೆಲವೊಮ್ಮೆ ಇನ್ನೂ ಚೆನ್ನಾಗಿ. ಇನ್ನೊಂದೆಡೆ, ಕಬ್ಬಿಣದ ಅಂಶ ಹೆಚ್ಚಿರುವ ನೈಸರ್ಗಿಕ ಮಾಣಿಕ್ಯ ಮಂಕಾಗಿಯೇ ಉಳಿಯಬಹುದು. ಕುಲುಮೆಯ ಹರಳಿನೊಳಗಿನ ಬಾಗಿದ ಬೆಳವಣಿಗೆಯ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕಾಗುತ್ತದೆ. ಬೆಲೆಬಾಳುವ ಹರಳಾದರೆ ರತ್ನಪರೀಕ್ಷಾ ಪ್ರಯೋಗಾಲಯದ ಪ್ರಮಾಣಪತ್ರವಿಲ್ಲದೆ ಕೊಳ್ಳದಿರುವುದು ಒಳ್ಳೆಯದು.

ಪ್ರಶ್ನೆ: ದಾಳಿಂಬೆಗೆ ರೋಗ ಬಾರದಂತೆ ಸಿಂಪಡಿಸುವ ಬೋರ್ಡೋ ದ್ರಾವಣ ತಯಾರಿಸುವಾಗ ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬೇಡಿ, ಕೊನೆಗೆ ಚಾಕು ಅದ್ದಿ ನೋಡಿ ಎನ್ನುತ್ತಾರೆ. ಇದೇಕೆ?
— ರೈತರು, ಕುಷ್ಟಗಿ

ಉತ್ತರ: ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಅದರ ನೀಲಿಗೆ ತಾಮ್ರದ ಸುತ್ತ ನೀರಿನ ಅಣುಗಳು ಕೂಡಿರುವುದೇ ಕಾರಣ; ಕಾಯಿಸಿ ನೀರನ್ನು ಹೊರಹಾಕಿದರೆ ಹರಳು ಬಿಳಿ ಪುಡಿಯಾಗುತ್ತದೆ, ಹನಿ ನೀರು ತಾಗಿದೊಡನೆ ಮತ್ತೆ ನೀಲಿಯಾಗುತ್ತದೆ. ಈ ದ್ರಾವಣಕ್ಕೆ ಕಬ್ಬಿಣ ತಾಗಿದರೆ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಅಂದರೆ ಡ್ರಮ್ಮೂ ತೂತಾಗುತ್ತದೆ, ಔಷಧದ ತಾಮ್ರವೂ ಡ್ರಮ್ಮಿನ ಪಾಲಾಗುತ್ತದೆ.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಬೇರೆಬೇರೆಯಾಗಿ ಕಲಸಿ, ತಾಮ್ರದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಡ್ಡಿಯಿಂದ ತಿರುಗಿಸಬೇಕು. ಬಳಿಕ ಉಜ್ಜಿ ಬೆಳಗಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣದೊಡನೆ ಸೇರದ ತಾಮ್ರ ಇನ್ನೂ ಉಳಿದಿದೆ ಎಂದರ್ಥ, ಅದು ಎಳೆಯ ಎಲೆಗಳನ್ನು ಸುಡುತ್ತದೆ. ಲೇಪ ಕಾಣದಾಗುವವರೆಗೆ ಸುಣ್ಣದ ತಿಳಿಯನ್ನು ಸೇರಿಸುತ್ತ ಹೋಗಬೇಕು. ಕಲಸಿದ ದಿನವೇ ಸಿಂಪಡಿಸಿ ಮುಗಿಸಿ. ಇಟ್ಟಷ್ಟೂ ಕಣಗಳು ದಪ್ಪವಾಗಿ ತಳಕ್ಕೆ ಇಳಿಯುತ್ತವೆ, ಎಲೆಗೆ ಸರಿಯಾಗಿ ಅಂಟುವುದಿಲ್ಲ.