ಪ್ರತಿಕ್ರಿಯೆ: ಅರ್ಥಶಾಸ್ತ್ರವೆಂದರೆ ಬರೀ ಹಣದ ಲೆಕ್ಕವೇ?

ಮಾನ್ಯರೇ, ಪಿಯುಸಿ ಮುಗಿಸಿದ ತಮ್ಮ ಮಗಳು ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಬೇಕೆನ್ನುತ್ತಾಳೆ, ಅದು ಬರೀ ಹಣದ ಲೆಕ್ಕವಲ್ಲವೇ ಎಂದು ಕೇಳಿದ್ದೀರಿ. ಅಲ್ಲ. ನೆಲ, ನೀರು, ದುಡಿಮೆ, ಸಮಯ ಎಲ್ಲಕ್ಕೂ ಸಾಲದಿರುವಾಗ ಜನರು ಯಾವುದನ್ನು ಆರಿಸಿಕೊಂಡು ಯಾವುದನ್ನು ಬಿಡುತ್ತಾರೆ ಎಂಬುದೇ ಅದರ ವಿಷಯ. ನಮ್ಮ ಕಲಬುರಗಿಯ ತೊಗರಿಯನ್ನೇ ನೋಡಿ: ಒಂದು ವರ್ಷ ಧಾರಣೆ ಏರಿದರೆ ಮರುವರ್ಷ ಹೆಚ್ಚು ಜನ ಅದನ್ನೇ ಬಿತ್ತುತ್ತಾರೆ, ರಾಶಿಯ ಹೊತ್ತಿಗೆ ಮಾರುಕಟ್ಟೆಗೆ ಆವಕ ಹೆಚ್ಚಿ ಧಾರಣೆ ಕುಸಿಯುತ್ತದೆ, ಇಂಥಲ್ಲಿ ಬೆಂಬಲ ಬೆಲೆಯೂ ಆಮದು ಸುಂಕವೂ ಏನು ಮಾಡಬಲ್ಲವು, ಏನು ಮಾಡಲಾರವು ಎಂಬುದನ್ನು ಓದಿದ ಮೇಲೆ ಆಕೆ ಕಾರಣಸಹಿತ ಬಿಡಿಸಿ ಹೇಳಬಲ್ಲಳು. ಗಣಿತಕ್ಕೆ ಹೆದರುವವರಿಗೆ ಮುಂದೆ ಕಷ್ಟವಾದೀತು, ಅದನ್ನು ಮುಚ್ಚಿಡಲಾರೆ. ಉದ್ಯೋಗದ ಮಾತಿಗೆ ಬಂದರೆ, ಇದೇ ವಿಷಯದ ಸ್ನಾತಕೋತ್ತರ ಪದವಿಯ ನಂತರ ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆ ಬರೆಯಬಹುದು.